ಗಂಜಿ ಕುಡಿದು ಮಲಗಿದರೆ ಸಾಲದು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ದಿನಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಆಪರೇಷನ್ ಆಗಿ ಬಂದವರನ್ನು ನೋಡಿಕೊಳ್ಳುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಅಲುಗಾಡದಂತೆ ಮಲಗಿಸುವುದು, ಗಂಜಿ ಕುಡಿಸುವುದು, ನಂಜಿನ ಪದಾರ್ಥ ದೂರ ಇಡುವುದು, ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ‘ಅಂತೂ ಮುಗಿಯಿತಲ್ಲ’ ಎಂದು ನಿಟ್ಟುಸಿರು ಬಿಡುವುದು. ಅಪೆಂಡಿಕ್ಸಿಗೂ ಹರ್ನಿಯಾಕ್ಕೂ ಈ ಕ್ರಮ ಹೇಗೋ ನಡೆದುಹೋಗುತ್ತದೆ. ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಮಾತ್ರ ಹೆಚ್ಚುಕಡಿಮೆ ಪ್ರತಿ ಹಂತದಲ್ಲೂ ಅಡ್ಡ ಬರುತ್ತದೆ.

ಈ ಚಿಕಿತ್ಸೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ವಿಧ. ‘ಸ್ಲೀವ್’ನಲ್ಲಿ ಜಠರದ 75ರಿಂದ 80% ಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕಿರಿದಾದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ‘ಗ್ಯಾಸ್ಟ್ರಿಕ್ ಬೈಪಾಸ್’ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಸುವ ಪುಟ್ಟ ಚೀಲ ಮಾಡಿ, ಸಣ್ಣಕರುಳಿನ ಮುಂದಿನ ಭಾಗವನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಹೊರಗೆ ಕಾಣುವುದು ನಾಲ್ಕೈದು ಸಣ್ಣ ತೂತುಗಳ ಗುರುತು ಮಾತ್ರ. ಅವು ಒಂದೆರಡು ವಾರದಲ್ಲಿ ಮಾಯುತ್ತವೆ. ಒಳಗಿನ ಬದಲಾವಣೆ ಜೀವಮಾನದ್ದು.

ತಪ್ಪು ಕಲ್ಪನೆ: ಇದು ಕೊಬ್ಬು ತೆಗೆಸುವ ಆಪರೇಷನ್. ಆಸ್ಪತ್ರೆಯಿಂದ ಬರುವಾಗಲೇ ತೆಳ್ಳಗಾಗಿರುತ್ತಾರೆ.

ಸತ್ಯ: ಇಲ್ಲಿ ಕೊಬ್ಬು ತೆಗೆಯುವುದಿಲ್ಲ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಲೈಪೊಸಕ್ಷನ್. ಅದು ಅಂದಕ್ಕಾಗಿ ಮಾಡುವ ಚಿಕಿತ್ಸೆ, ಬೊಜ್ಜಿನ ಕಾಯಿಲೆಗೆ ಮದ್ದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಜನ ಎರಡೂ ಚಿಕಿತ್ಸೆಗಳನ್ನು ಒಂದೇ ಎಂದುಕೊಳ್ಳುತ್ತಾರೆ.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಕೆಲಸ ಮಾಡುವುದು ಹಸಿವಿನ ಮೇಲೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಕರುಳಿನ ಹಾರ್ಮೋನುಗಳು ಹೆಚ್ಚುತ್ತವೆ. ತೂಕ ಇಳಿಯುವುದು 12ರಿಂದ 18 ತಿಂಗಳ ಅವಧಿಯಲ್ಲಿ. ಡ್ರಿಪ್ ಹಾಕಿದ್ದರಿಂದ ಮೊದಲೆರಡು ದಿನ ತೂಕ ತುಸು ಏರಿರಲೂಬಹುದು. ಆಮೇಲೆ ಸರಸರನೆ ಇಳಿದು, ಮೂರನೇ ವಾರದ ಆಸುಪಾಸಿನಲ್ಲಿ ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತುಬಿಡುವುದುಂಟು. ‘ಆಪರೇಷನ್ ಫೇಲಾಯ್ತು’ ಎಂದು ಮನೆಯವರೆಲ್ಲ ಗಾಬರಿಯಾಗುವುದು ಆಗಲೇ. ಅದು ಫೇಲಲ್ಲ, ದೇಹ ನೀರಿನ ಲೆಕ್ಕ ಸರಿಮಾಡಿಕೊಳ್ಳುವ ಹೊತ್ತು. ದಿನಾ ತೂಕ ನೋಡುವ ಬದಲು ವಾರಕ್ಕೊಮ್ಮೆ ನೋಡಿದರೆ ಸಾಕು.

ತಪ್ಪು ಕಲ್ಪನೆ: ಒಂದು ತಿಂಗಳು ಹಾಸಿಗೆ ಬಿಟ್ಟು ಏಳಬಾರದು. ಎದ್ದರೆ ಹೊಲಿಗೆ ಬಿಡುತ್ತದೆ.

ಸತ್ಯ: ಆಪರೇಷನ್ ಆದ ದಿನ ಸಂಜೆಯೇ, ತಪ್ಪಿದರೆ ಮರುದಿನ ಬೆಳಿಗ್ಗೆ, ನರ್ಸ್ ಬಂದು ಎಬ್ಬಿಸಿ ನಡೆಸುತ್ತಾರೆ. ಇದು ನಿರ್ದಯೆಯಲ್ಲ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಆಸ್ಪತ್ರೆಯಲ್ಲಿ ಕೈಗೆ ಕೊಡುವ ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನವೂ ಶ್ವಾಸಕೋಶ ಅರಳಿಸಲೆಂದೇ ಇರುವುದು. ಬಹಳ ಜನ ಅದನ್ನು ಪೀಪಿಯಂತೆ ಊದುತ್ತಾರೆ. ಊದುವುದಲ್ಲ, ಕೊಳವೆ ಕಚ್ಚಿಕೊಂಡು ಉಸಿರನ್ನು ನಿಧಾನವಾಗಿ ಒಳಗೆಳೆಯಬೇಕು. ಆಗ ಚೆಂಡು ಮೇಲೇರುತ್ತದೆ.

ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಕುಳಿತು ಮಾಡುವ ಕೆಲಸವಾದರೆ ಎರಡು ಮೂರು ವಾರದಲ್ಲಿ ಮರಳಬಹುದು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಸೊಂಟದ ಮೇಲೆ ಮಗು ಮುಂತಾದ ಭಾರ ಎತ್ತುವುದನ್ನು ಮಾತ್ರ ನಾಲ್ಕರಿಂದ ಆರು ವಾರ ಬಿಡಬೇಕು. ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ್ದ ಗ್ಯಾಸಿನ ಕಾರಣಕ್ಕೆ ಮೊದಲೆರಡು ದಿನ ಭುಜ ನೋಯುವುದು ಸಹಜ. ಆದರೆ ಜ್ವರ, ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 120 ದಾಟುವ ನಾಡಿ, ಏದುಸಿರು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಒಂದೇ ಕಾಲಿನ ಬಾವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಜಠರ ಜೋಡಿಸಿದ ಜಾಗದಲ್ಲಿ ಸೋರಿಕೆಯಾದಾಗಲೂ, ಕಾಲಿನ ಬಾವೊಂದನ್ನು ಬಿಟ್ಟರೆ, ಕಾಣುವುದು ಇವೇ ಲಕ್ಷಣ. ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗುವುದು ಒಳ್ಳೆಯದು.

ತಪ್ಪು ಕಲ್ಪನೆ: ರಾಗಿ ಗಂಜಿ, ಎಳನೀರು ಕೊಟ್ಟರೆ ಶಕ್ತಿ ಬರುತ್ತದೆ.

ಸತ್ಯ: ಮೊದಲ ಎರಡು ವಾರ ದ್ರವಾಹಾರ, ಮುಂದಿನ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು, ಆರೇಳು ವಾರ ಕಳೆದ ಮೇಲೆ ಗಟ್ಟಿ ಆಹಾರ: ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ತೊಡಕಿರುವುದು ದ್ರವ ಯಾವುದು ಎಂಬಲ್ಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಹೋಗಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದೇ ಸುಮಾರು 7 ಗ್ರಾಂ. ಎರಡು ಚಮಚ ಹಿಟ್ಟು ಕದಡಿದ ಒಂದು ಲೋಟ ಗಂಜಿಯಲ್ಲಿ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಎಳನೀರಿನಲ್ಲಿ ಹೆಚ್ಚುಕಡಿಮೆ ಸೊನ್ನೆ, ತಿಳಿಸಾರಿನಲ್ಲೂ ಅಷ್ಟಕ್ಕಷ್ಟೆ. ಬಾಯಿಗೆ ಹೋಗುವುದೇ ನಾಲ್ಕು ಗುಟುಕಾದಾಗ ಅದನ್ನೂ ಗಂಜಿಗೆ ಕೊಟ್ಟರೆ ದೇಹ ತನ್ನದೇ ಮಾಂಸಖಂಡ ಕರಗಿಸಿಕೊಳ್ಳತೊಡಗುತ್ತದೆ.

ಆದ್ದರಿಂದ ಮೊದಲ ತಿಂಗಳು ಆಹಾರತಜ್ಞರು ಹೇಳಿದ ಪ್ರೋಟೀನ್ ಪುಡಿ ಬೇಕೇ ಬೇಕು. ಜೊತೆಗೆ ಕೆನೆ ತೆಗೆದ ಹಾಲು, ಮಜ್ಜಿಗೆ, ಗಟ್ಟಿಯಾದ ಬೇಳೆಕಟ್ಟು. ಹಂತ ದಾಟಿದಂತೆ ಕಿವುಚಿದ ಪನೀರು, ಮೊಟ್ಟೆ, ಹೆಸರುಬೇಳೆ, ಮೀನು. ತಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನಿನದು, ಅನ್ನದ ಸರದಿ ಕೊನೆಗೆ. ನಮ್ಮ ಊಟದ ಎಲೆಯ ಲೆಕ್ಕವನ್ನೇ ಇದು ತಿರುಗುಮುರುಗು ಮಾಡುತ್ತದೆ.

ತಪ್ಪು ಕಲ್ಪನೆ: ಮೊಟ್ಟೆ, ಮೊಸರು ನಂಜು. ಗಾಯ ಕೀವಾಗುತ್ತದೆ.

ಸತ್ಯ: ಗಾಯಕ್ಕೆ ಕೀವು ತುಂಬುವುದು ಬ್ಯಾಕ್ಟೀರಿಯಾದಿಂದ, ಬದನೆಕಾಯಿಯಿಂದಲೋ ಮೊಟ್ಟೆಯಿಂದಲೋ ಅಲ್ಲ. ಹೊಸ ಚರ್ಮ ಕೂಡಿಕೊಳ್ಳಲು ಬೇಕಾದ ಪ್ರೋಟೀನು ಇರುವುದೇ ಮನೆಯವರು ‘ಬೇಡ’ ಎಂದು ಎತ್ತಿಡುವ ಪದಾರ್ಥಗಳಲ್ಲಿ. ನಂಜಿನ ಹೆಸರಿನಲ್ಲಿ ಮೊಟ್ಟೆ, ಮೊಸರು, ಮೀನು ಮೂರನ್ನೂ ನಿಲ್ಲಿಸಿದರೆ ಗಾಯ ಮಾಯುವುದೇ ತಡವಾಗುತ್ತದೆ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟು, ಬೀಡಿ ಸಿಗರೇಟು ಬಿಟ್ಟರೆ ಗಾಯಕ್ಕೆ ಅದಕ್ಕಿಂತ ದೊಡ್ಡ ಪಥ್ಯವಿಲ್ಲ.

ತಪ್ಪು ಕಲ್ಪನೆ: ಹೊಟ್ಟೆ ಚಿಕ್ಕದಾಗಿದೆ ಅಷ್ಟೇ. ಸ್ವಲ್ಪ ಸ್ವಲ್ಪ ಏನು ಬೇಕಾದರೂ ತಿನ್ನಬಹುದು.

ಸತ್ಯ: ಎಷ್ಟು ತಿನ್ನುತ್ತೀರಿ ಎಂಬುದರಷ್ಟೇ ಹೇಗೆ ತಿನ್ನುತ್ತೀರಿ ಎಂಬುದೂ ಮುಖ್ಯ. ಮಂಡ್ಯ, ಹಾಸನ, ತುಮಕೂರಿನ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಈ ಶಸ್ತ್ರಚಿಕಿತ್ಸೆ ಆದವರಿಗೆ ಹಾಗೆ ನುಂಗಿದ ತುತ್ತು ಎದೆಯ ಕೆಳಗೆ ಸಿಕ್ಕಿಕೊಂಡು, ಬಾಯಿ ತುಂಬ ಜೊಲ್ಲು ಬಂದು, ವಾಂತಿಯಾಗುವವರೆಗೂ ಬಿಡುವುದಿಲ್ಲ. ಬಿಸಿ ಚಪಾತಿ, ಮೆತ್ತನೆಯ ಬ್ರೆಡ್ಡು, ಮುದ್ದೆಗಟ್ಟಿದ ಅನ್ನ ಕೂಡ ಹೀಗೆಯೇ ಸಿಕ್ಕಿಕೊಳ್ಳುತ್ತವೆ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು.

ನೀರು ಕುಡಿಯುವ ರೀತಿಯೂ ಬದಲಾಗಬೇಕು. ಚೊಂಬೆತ್ತಿ ತುಟಿಗೆ ತಾಗದಂತೆ ಗಟಗಟ ಕುಡಿಯುವುದು ನಮ್ಮಲ್ಲಿ ಮಡಿಯೂ ಹೌದು, ರೂಢಿಯೂ ಹೌದು. ಈಗ ಹಾಗೆ ಕುಡಿದರೆ ನೀರಿನ ಜೊತೆ ಗಾಳಿಯೂ ಒಳಹೋಗಿ ಎದೆ ಒತ್ತಿದಂತಾಗುತ್ತದೆ. ಮೊದಲ ವಾರಗಳಲ್ಲಿ 30 ಮಿಲಿಯ ಪುಟ್ಟ ಕಪ್ಪಿನಿಂದ ಗುಟುಕರಿಸುತ್ತ, ಇಡೀ ದಿನದಲ್ಲಿ ಒಂದೂವರೆ ಲೀಟರ್ ಮುಟ್ಟಿಸಬೇಕು. ಊಟದ ನಡುವೆ ನೀರಿಲ್ಲ, ಊಟವಾಗಿ ಅರ್ಧ ಗಂಟೆಯ ಬಳಿಕವೇ.

ಇನ್ನು ಸಿಹಿ. ಬೈಪಾಸ್ ಆದವರು ಹಬ್ಬದ ದಿನ ‘ಒಂದೇ ಒಂದು’ ಒಬ್ಬಟ್ಟು ತಿಂದರೂ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಬೆವರೊಡೆದು, ಹೊಟ್ಟೆ ನುಲಿದು ಭೇದಿಯಾಗಬಹುದು. ಸಕ್ಕರೆ ಒಮ್ಮೆಲೇ ಸಣ್ಣಕರುಳಿಗೆ ಇಳಿದದ್ದರ ಫಲ ಇದು. ವೈದ್ಯರು ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ಬಳಿಕ ರಕ್ತದ ಸಕ್ಕರೆ ಕುಸಿದು ಕಣ್ಣುಕತ್ತಲೆ ಬರುತ್ತದೆ. ಒತ್ತಾಯ ಮಾಡಿ ಬಡಿಸುವ ನೆಂಟರಿಗೆ ಇದನ್ನು ಮೊದಲೇ ಹೇಳಿಡುವುದು ವಾಸಿ.

ತಪ್ಪು ಕಲ್ಪನೆ: ವಾಂತಿ ಇದ್ದದ್ದೇ. ಸುಸ್ತಾದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರಾಯಿತು.

ಸತ್ಯ: ಇದು ಈ ಪಟ್ಟಿಯಲ್ಲೇ ಹೆಚ್ಚು ಅಪಾಯದ ನಂಬಿಕೆ. ಥಯಾಮಿನ್ ಎಂಬ ಬಿ1 ವಿಟಮಿನ್ ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ದಾಸ್ತಾನಿರುತ್ತದೆ. ವಾಂತಿ ಬಿಡದೆ ಮುಂದುವರಿದರೆ ಅದು ಬರಿದಾಗುತ್ತದೆ. ಆಗ ವಸ್ತು ಎರಡೆರಡಾಗಿ ಕಾಣುವುದು, ನಡೆದರೆ ತೂರಾಡುವುದು, ಮಾತು ತಡವರಿಸಿ ಗೊಂದಲವಾಗುವುದು ಶುರುವಾಗಬಹುದು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಆಗುವ ಹಾನಿ ಇನ್ನೂ ಹೆಚ್ಚುತ್ತದೆ. ಒಂದೆರಡು ದಿನ ನೀರೂ ನಿಲ್ಲದಂಥ ವಾಂತಿಯಾದರೆ ಎಲ್ಲಿಗೆ ಹೋದರೂ ‘ನನಗೆ ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ಥಯಾಮಿನ್ ಕೊಡಬೇಕಾ ನೋಡಿ’ ಎಂದು ಬಾಯಿಬಿಟ್ಟು ಹೇಳಬೇಕು. ಡಿಸ್ಚಾರ್ಜ್ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ.

ತಪ್ಪು ಕಲ್ಪನೆ: ಶುಗರ್ ಹೋಯಿತು, ಇನ್ನು ಮಾತ್ರೆ ಬೇಡ.

ಸತ್ಯ: ಟೈಪ್ 2 ಮಧುಮೇಹ ಇರುವ ಬಹಳಷ್ಟು ಜನರಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುವುದು ನಿಜ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಪೋರಿಸ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ವರದಿ ಮಾಡಿದಾಗ ವೈದ್ಯಲೋಕವೇ ಅಚ್ಚರಿಪಟ್ಟಿತ್ತು. ಇದರಿಂದ ಎರಡು ಕಡೆ ಎಚ್ಚರ ಬೇಕಾಗುತ್ತದೆ. ಹಳೆಯ ಇನ್ಸುಲಿನ್ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತಾವಾಗಿಯೇ ಎಲ್ಲ ನಿಲ್ಲಿಸಿದರೆ ಮತ್ತೆ ಏರಬಹುದು. ಕಾಯಿಲೆ ಹಿಂದೆ ಸರಿದಿರುತ್ತದೆಯೇ ಹೊರತು ಬೇರುಸಹಿತ ಹೋಗಿರುವುದಿಲ್ಲ. ವರ್ಷಗಳ ಬಳಿಕ ಮರಳಿದ ಉದಾಹರಣೆಗಳಿವೆ. ಬಿಪಿ ಮಾತ್ರೆಗೂ ಇದೇ ಮಾತು. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ಕೀಲುನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಬೈಪಾಸ್ ಆದವರು ಮುಟ್ಟಲೇಬಾರದು. ಹೊಸ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಮದ್ಯವೂ ಮೊದಲಿನಂತಲ್ಲ: ಕಡಿಮೆ ಕುಡಿದರೂ ಬೇಗ ತಲೆಗೇರುತ್ತದೆ, ಚಟಕ್ಕೆ ಬೀಳುವ ಸಂಭವ ಹೆಚ್ಚು.

ತಪ್ಪು ಕಲ್ಪನೆ: ಕೂದಲು ಉದುರುತ್ತಿದೆ, ಮುಖ ಸೊರಗಿದೆ. ಏನೋ ಎಡವಟ್ಟಾಗಿದೆ.

ಸತ್ಯ: ಮೂರನೇ ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುವುದು ಬಹಳ ಜನರ ಅನುಭವ. ದೇಹಕ್ಕೆ ದೊಡ್ಡ ಆಘಾತವಾದಾಗ ಬೆಳೆಯುವ ಹಂತದಲ್ಲಿದ್ದ ಕೂದಲುಗಳು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗಿ, ಕೆಲವು ತಿಂಗಳ ಬಳಿಕ ಉದುರುತ್ತವೆ. ಬಾಣಂತಿಯರಲ್ಲೂ ಇದನ್ನು ಕಾಣುತ್ತೇವೆ. ಬೇರು ಸತ್ತಿರುವುದಿಲ್ಲ. ಪ್ರೋಟೀನು, ಕಬ್ಬಿಣ, ಸತು ಸರಿಯಾಗಿ ಸಿಕ್ಕರೆ ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ವರ್ಷ ಕಳೆದರೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಜೋತುಬಿದ್ದ ಚರ್ಮ ಮಾತ್ರ ವ್ಯಾಯಾಮದಿಂದ ಪೂರ್ತಿ ಸರಿಹೋಗುವುದಿಲ್ಲ.

‘ಯಾಕೆ ಹೀಗಾಗಿಹೋದ್ರಿ? ಹುಷಾರಿಲ್ವಾ?’ ಎಂದು ಮದುವೆಮನೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಮನಸ್ಸು ಕುಗ್ಗುವುದೂ ಚೇತರಿಕೆಯ ಭಾಗವೇ. ವಾರಗಟ್ಟಲೆ ಹಾಗೇ ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ತಪ್ಪು ಕಲ್ಪನೆ: ಇಷ್ಟು ವರ್ಷ ಮಕ್ಕಳಾಗಿಲ್ಲ, ಈಗ ಜಾಗ್ರತೆ ಯಾಕೆ?

ಸತ್ಯ: ತೂಕ ಇಳಿದಂತೆ, ಅದರಲ್ಲೂ ಪಿಸಿಓಎಸ್ ಎಂಬ ಅಂಡಾಶಯದ ಹಾರ್ಮೋನು ತೊಂದರೆ ಇದ್ದವರಲ್ಲಿ, ಮುಟ್ಟು ಸರಿಯಾಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ದೇಹ ಕರಗುತ್ತಿರುವ ಮೊದಲ 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ತಾಯಿಗೂ ಮಗುವಿಗೂ ಕ್ಷೇಮ. ಬೈಪಾಸ್ ಬಳಿಕ ಗರ್ಭನಿರೋಧಕ ಗುಳಿಗೆಗಳನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಬೇರೆ ವಿಧಾನವನ್ನು ಸ್ತ್ರೀರೋಗ ತಜ್ಞರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು.

ತಪ್ಪು ಕಲ್ಪನೆ: ವರ್ಷವಾಯಿತು, ಆರಾಮಾಗಿದ್ದೇನೆ. ಇನ್ನು ವಿಟಮಿನ್ನೂ ಬೇಡ, ಡಾಕ್ಟರೂ ಬೇಡ. ತೂಕ ಮತ್ತೆ ಬರುವುದಿಲ್ಲ.

ಸತ್ಯ: ಕೊರತೆ ಸದ್ದಿಲ್ಲದೆ ಬರುತ್ತದೆ. ಬಿ12 ವಿಟಮಿನ್ನಿನ ದಾಸ್ತಾನು ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿದಿರುವುದರಿಂದ ಕಾಲು ಜೋಮು ಹಿಡಿಯುವ ಹೊತ್ತಿಗೆ ಬಹಳ ತಡವಾಗಿರಬಹುದು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಅದು ಮೊದಲೇ ಕಡಿಮೆ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಇರಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣವನ್ನು ಕಾಫಿ, ಟೀ ಜೊತೆ ನುಂಗಿದರೆ ದಂಡ.

ತೂಕದ ಲೆಕ್ಕಕ್ಕೆ ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನ ನೋಡಬಹುದು. ಅಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ 32% ತೂಕ ಕಳೆದುಕೊಂಡರು. 10 ವರ್ಷದ ಬಳಿಕ ಉಳಿದ ಇಳಿಕೆ 25%. ಅಂದರೆ ಸ್ವಲ್ಪ ಮರಳುವುದು ಎಲ್ಲೆಡೆಯ ಸಂಗತಿ, ಬಹುಪಾಲು ಇಳಿಕೆ ಉಳಿಯುವುದೂ ಅಷ್ಟೇ ನಿಜ. ಶಸ್ತ್ರಚಿಕಿತ್ಸೆ ಇಲ್ಲದೆ ಇದ್ದವರಿಗಿಂತ ಶಸ್ತ್ರಚಿಕಿತ್ಸೆ ಆದವರಲ್ಲಿ ಒಟ್ಟಾರೆ ಸಾವಿನ ಪ್ರಮಾಣವೂ ಕಡಿಮೆಯಿತ್ತು. ನಾಲ್ಕೈದು ಕಿಲೋ ಏರಿತೆಂದು ನಾಚಿಕೊಂಡು ಆಸ್ಪತ್ರೆಯ ಕಡೆ ತಲೆ ಹಾಕದವರೇ ಮುಂದೆ ಹೆಚ್ಚು ಕಳೆದುಕೊಳ್ಳುತ್ತಾರೆ. ಏರಿಕೆಗೂ ಚಿಕಿತ್ಸೆಯಿದೆ, ಔಷಧಿಯಿದೆ. ಮೊದಲ ವರ್ಷ ವೈದ್ಯರು ಹೇಳಿದಾಗೆಲ್ಲ, ಆಮೇಲೆ ವರ್ಷಕ್ಕೊಂದು ಸಲ ತಪ್ಪದೆ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ತೂಕ ಇಳಿದಿದ್ದರೂ ಹೋಗಿ, ಏರಿದ್ದರಂತೂ ಹೋಗಲೇಬೇಕು.