ಒಕ್ಕಣೆ ಕಣಕ್ಕೆ ಗಟ್ಟಿ ಕಾಂಕ್ರೀಟು

ಮಣ್ಣಿನ ಕಣದಲ್ಲಿ ಒಕ್ಕಿದ ತೊಗರಿ, ಭತ್ತಕ್ಕೆ ಮಣ್ಣು ಮತ್ತು ಹರಳು ಬೆರೆತು ಪೇಟೆಯಲ್ಲಿ ಬೆಲೆ ಕುಗ್ಗುತ್ತದೆ. ಕಾಂಕ್ರೀಟು ಕಣ ಇದಕ್ಕೆ ಒಳ್ಳೆಯ ಪರಿಹಾರ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಣ ಬಿರುಕು ಬಿಟ್ಟು ಪುಡಿ ಏಳತೊಡಗಿದರೆ ಹಾಕಿದ ಹಣ ಹಾಳಾದಂತೆಯೇ. ಆಗ ಸಿಮೆಂಟನ್ನು ದೂರುವುದು ರೂಢಿ. ಅನೇಕ ವೇಳೆ ತಪ್ಪು ಇರುವುದು ನೀರಿನ ಲೆಕ್ಕದಲ್ಲಿ.

ತಳಪಾಯ: ಯರಗೇರಾ, ಮಾನ್ವಿ, ದೇವದುರ್ಗ ಭಾಗದ ಎರೆ ಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಹಾಕಕೂಡದು. ಸುಮಾರು 45 ಸೆಂ.ಮೀ. ಎರೆ ಮಣ್ಣು ತೆಗೆದು, ಗರಸನ್ನು 15 ಸೆಂ.ಮೀ. ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ಧಮ್ಮಸು ಮಾಡಬೇಕು.

ಮಿಶ್ರಣ: 1 ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, 3 ಪಾಲು 20 ಮಿ.ಮೀ. ಜಲ್ಲಿ. 50 ಕಿ.ಗ್ರಾಂ. ಚೀಲದ ಗಾತ್ರ 35 ಲೀಟರ್. ಆದ್ದರಿಂದ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಪೆಟ್ಟಿಗೆ ಮಾಡಿಸಿ ಅಳೆಯಿರಿ. ಬುಟ್ಟಿ ಲೆಕ್ಕ ಬೇಡ. ಗಾಜಿನ ಪಾತ್ರೆಯಲ್ಲಿ ಮರಳು, ನೀರು ಹಾಕಿ ಕಲಕಿ ಬಿಡಿ. ಮೇಲೆ ನಿಂತ ರೇವೆ ಮರಳಿನ ಎತ್ತರದ ಶೇಕಡಾ 8ಕ್ಕಿಂತ ಹೆಚ್ಚಿದ್ದರೆ ಮರಳನ್ನು ತೊಳೆಯಬೇಕು.

ನೀರು: ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡುವ ನೀರು ಅದರ ತೂಕದ ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಕಲಸುವ ಅನುಕೂಲಕ್ಕೆ. ಅತಿಯಾದ ನೀರು ಆರಿಹೋದ ಮೇಲೆ ಆ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಕಾಂಕ್ರೀಟು ಸೊರಗುತ್ತದೆ. ಚೀಲಕ್ಕೆ 25 ಲೀಟರ್ ಹಾಕಿ. 30 ಲೀಟರ್ ಮೀರಕೂಡದು. 35 ಲೀಟರ್ ಸುರಿದರೆ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಷ್ಟ. ಮರಳು ಹಸಿಯಾಗಿದ್ದರೆ ನೀರನ್ನು ಇನ್ನೂ ಕಡಿಮೆ ಮಾಡಿ. ಮಿಶ್ರಣ ಬಿರುಸಾಗಿ ಕಂಡರೆ ನೀರು ಸೇರಿಸದೆ ಚೆನ್ನಾಗಿ ಕುಟ್ಟಿ ಕೂಡಿಸಬೇಕು. ಕಲಸಿದ ಅರ್ಧ ಗಂಟೆಯೊಳಗೆ ಹಾಕಿ ಮುಗಿಸಬೇಕು.

ಹಾಸುವುದು: ದಪ್ಪ 10 ಸೆಂ.ಮೀ. ಇರಲಿ. 3 ಮೀಟರ್ ಚೌಕಗಳಾಗಿ ವಿಂಗಡಿಸಿ, ಸಂದುಗಳಿಗೆ ಡಾಂಬರು ತುಂಬಿ. ಮಳೆನೀರು ಹರಿಯಲು ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಡಿ. 6 ಮೀಟರ್ ಚೌಕದ ಕಣಕ್ಕೆ ಸುಮಾರು 29 ಚೀಲ ಸಿಮೆಂಟು ಬೇಕು.

ನೀರುಣಿಸುವುದು: ಕಲಸುವಾಗ ಜಿಪುಣತನ ಬೇಕು, ಹಾಸಿದ ಮೇಲೆ ಧಾರಾಳತನ ಬೇಕು. ರಾಯಚೂರಿನ ಬಿಸಿಲಿಗೆ ಮೇಲ್ಮೈ ಬೇಗ ಒಣಗಿದರೆ ಸಿಮೆಂಟಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಸಂಜೆ ಹಾಸಿ, ಮರುದಿನದಿಂದಲೇ ಅಂಚಿಗೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ. ಇಲ್ಲವೇ ಭತ್ತದ ಹುಲ್ಲು ಅಥವಾ ಗೋಣಿತಾಟು ಹೊದಿಸಿ ಸದಾ ಹಸಿಯಾಗಿಡಿ. ಈಗ ಹೆಚ್ಚಾಗಿ ದೊರೆಯುವ ಹಾರುಬೂದಿ ಬೆರೆತ ಸಿಮೆಂಟು ನಿಧಾನವಾಗಿ ಬಲಗೊಳ್ಳುವುದರಿಂದ 14 ದಿನ ಇದನ್ನು ತಪ್ಪಿಸಕೂಡದು.

28 ದಿನಗಳವರೆಗೆ ಕಣದ ಮೇಲೆ ಬಂಡಿ, ಟ್ರ್ಯಾಕ್ಟರ್ ಹಾಯಿಸಬೇಡಿ. ಹೀಗಾಗಿ ರಾಶಿ ಬರುವುದಕ್ಕೆ ಎರಡು ತಿಂಗಳ ಮೊದಲೇ ಕೆಲಸ ಆರಂಭಿಸುವುದು ಲೇಸು.