ಕಡಲಿಗೆ ಪಾಲುಪತ್ರ ಬರೆದ ಊರು

ಅಣ್ಣತಮ್ಮಂದಿರು ಬೇರೆಯಾಗುವಾಗ ಊರಿನ ನಾಲ್ವರು ಹಿರಿಯರನ್ನು ಕೂಡಿಸಿ, ಹೊಲಮನೆಗಳನ್ನು ಹಂಚಿ, ಪಾಲುಪತ್ರ ಬರೆಯಿಸುವುದು ಲೋಕರೂಢಿ. ಆದರೆ ತಾವು ಕಂಡಿರದ ಕಡಲನ್ನೂ, ಅಳೆದಿರದ ನೆಲವನ್ನೂ, ಆ ನೆಲದ ಮೇಲೆ ಬಾಳುತ್ತಿದ್ದ ಕೋಟ್ಯಂತರ ಜನರನ್ನೂ, ಅವರಲ್ಲಿ ಒಬ್ಬರಿಗೂ ತಿಳಿಸದೆ ಎರಡು ಪಾಲು ಮಾಡಿ ರುಜು ಹಾಕಿದ ಊರೊಂದು ಸ್ಪೇನ್ ದೇಶದಲ್ಲಿದೆ. ಅದರ ಹೆಸರು ತೋರ್ದೆಸಿಯಾಸ್.

ರಾಜಧಾನಿ ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 180 ಕಿಲೋಮೀಟರು. ವಯ್ಯಾದೊಲಿದ್ ನಗರದಿಂದಾದರೋ ಬರಿಯ 30. ವಯ್ಯಾದೊಲಿದ್‌ನಲ್ಲಿ ಬಸ್ಸು ಹತ್ತಿದ ಪ್ರವಾಸಿಗೆ ಕಾಣುವುದು ಕ್ಯಾಸ್ಟೀಲ್ ಪ್ರಸ್ಥಭೂಮಿಯ ವಿಶಾಲವಾದ ಬಯಲು. ಗೋಧಿಯ ಹೊಲಗಳು, ದ್ರಾಕ್ಷಿಯ ತೋಟಗಳು, ನಡುವೆ ಅಲ್ಲೊಂದು ಇಲ್ಲೊಂದು ಇಗರ್ಜಿಯ ಗೋಪುರ. ವಿಜಾಪುರ, ಗದಗುಗಳ ಬಯಲನ್ನು ಕಂಡವರಿಗೆ ಈ ನೋಟ ತೀರ ಅಪರಿಚಿತವೆನಿಸದು. ಬಸ್ಸಿನಿಂದಿಳಿದವನು ಮೊದಲು ಊರನ್ನು ಹೊಗದೆ, ದುವೆರೋ ನದಿಯ ಮೇಲಿನ ಹತ್ತು ಕಮಾನುಗಳ ಹಳೆಯ ಸೇತುವೆಯನ್ನು ದಾಟಿ ದಕ್ಷಿಣದ ದಡದಲ್ಲಿ ನಿಂತು ಹಿಂದಿರುಗಿ ನೋಡುವುದು ಲೇಸು. ಎತ್ತರದ ದಂಡೆಯ ಮೇಲೆ ಸಾಲಾಗಿ ನಿಂತ ಇಗರ್ಜಿಗಳು, ಕಂದುಬಣ್ಣದ ಗೋಡೆಗಳು, ಕೆಳಗೆ ಮೆಲ್ಲನೆ ಸಾಗುವ ಹೊಳೆ, ಊರು ಇಷ್ಟೇ. ಜನಸಂಖ್ಯೆ 9,000ದ ಆಸುಪಾಸು. ನಡುವೆ ಒಂದು ಚೌಕ, ಅದರ ಸುತ್ತ ಕಂಬಗಳ ಮೇಲೆ ನಿಂತ ಮಹಡಿಮನೆಗಳು, ಅವುಗಳ ಕೆಳಗಿನ ಮೊಗಸಾಲೆಯಲ್ಲಿ ಕಾಫಿಯ ಅಂಗಡಿಗಳು. ನಡುಹಗಲಿನಲ್ಲಿ ಬಂದವನಿಗೆ ಬಾಗಿಲುಗಳೆಲ್ಲ ಮುಚ್ಚಿರುವುದು ಕಂಡು ನಿರಾಶೆಯಾಗಬಹುದು. ಊರು ಉಂಡು ವಿಶ್ರಮಿಸುವ ವೇಳೆಯದು. ಪ್ರವಾಸಿಯೂ ಹಾಗೆಯೇ ಮಾಡುವುದು ಜಾಣತನ.

ನದಿಯ ಕಡೆಗೆ ಮುಖಮಾಡಿ ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಹಳೆಯ ಸೌಧಗಳಿಗೆ 'ಒಪ್ಪಂದದ ಮನೆಗಳು' ಎಂದು ಹೆಸರು. ಈಗ ಅದೊಂದು ವಸ್ತುಸಂಗ್ರಹಾಲಯ. ಕೊಲಂಬಸನು ಅಟ್ಲಾಂಟಿಕ್ಕಿನ ಆಚೆಯ ದ್ವೀಪಗಳನ್ನು ಕಂಡು 1493ರಲ್ಲಿ ಹಿಂದಿರುಗಿದೊಡನೆ, ಹೊಸ ನೆಲ ಯಾರದೆಂಬ ವ್ಯಾಜ್ಯ ಸ್ಪೇನಿಗೂ ಪೋರ್ಚುಗಲ್ಲಿಗೂ ಹುಟ್ಟಿಕೊಂಡಿತು. ಪೋಪರು ಒಂದು ಗೆರೆಯನ್ನು ಹೇಳಿದರು. ಪೋರ್ಚುಗಲ್ಲಿನ ದೊರೆ ಎರಡನೆಯ ಜುವಾಂವ್ ಅದಕ್ಕೊಪ್ಪಲಿಲ್ಲ. ಕಡೆಗೆ ಎರಡೂ ಕಡೆಯ ರಾಯಭಾರಿಗಳು ತೋರ್ದೆಸಿಯಾಸ್‌ನಲ್ಲಿ ಕಲೆತು, 1494ರ ಜೂನ್ 7ರಂದು ಒಪ್ಪಂದಕ್ಕೆ ಬಂದರು. ಕೇಪ್ ವರ್ಡ್ ದ್ವೀಪಗಳಿಂದ ಪಶ್ಚಿಮಕ್ಕೆ 370 ಲೀಗು, ಎಂದರೆ 2,000 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ಧ್ರುವದಿಂದ ಧ್ರುವಕ್ಕೆ ಒಂದು ಗೆರೆ. ಅದರ ಪಶ್ಚಿಮಕ್ಕೆ ದೊರೆತುದು ಸ್ಪೇನಿಗೆ, ಪೂರ್ವಕ್ಕೆ ದೊರೆತುದು ಪೋರ್ಚುಗಲ್ಲಿಗೆ.

ಪತ್ರವೇನೋ ಆಯಿತು. ಆದರೆ ಯಾವ ದ್ವೀಪದಿಂದ ಅಳೆಯಬೇಕೆಂಬುದಾಗಲಿ, ಲೀಗು ಎಂದರೆ ಎಷ್ಟುದ್ದವೆಂಬುದಾಗಲಿ ಅದರಲ್ಲಿ ಇರಲಿಲ್ಲ! ಹತ್ತು ತಿಂಗಳೊಳಗೆ ಎರಡೂ ದೇಶಗಳ ಹಡಗುಗಳು ಒಟ್ಟಾಗಿ ಹೋಗಿ ಗೆರೆಯನ್ನು ಗೊತ್ತುಮಾಡತಕ್ಕದ್ದೆಂದು ಬರೆದಿತ್ತು; ಹಡಗುಗಳು ಹೊರಡಲೇ ಇಲ್ಲ. ಹಳ್ಳಿಯ ಶಾನುಭೋಗನೂ ಇಂಥ ಪತ್ರಕ್ಕೆ ಕೈಯಿಡಲು ಹಿಂಜರಿಯುತ್ತಿದ್ದ. ಅದರ ಫಲವಾದರೋ ಅಳೆಯಲಾರದಷ್ಟು ದೊಡ್ಡದು. 1500ರಲ್ಲಿ ಭಾರತಕ್ಕೆಂದು ಹೊರಟ ಕಬ್ರಾಲನ ಹಡಗುಗಳು ಬ್ರೆಜಿಲ್ಲಿನ ತೀರವನ್ನು ಮುಟ್ಟಿದವು. ಅದು ಗೆರೆಯ ಪೂರ್ವಕ್ಕಿದ್ದುದರಿಂದ ಪೋರ್ಚುಗಲ್ಲಿನ ಪಾಲಾಯಿತು. ಇಂದಿಗೂ ಅಲ್ಲಿಯ ಭಾಷೆ ಪೋರ್ಚುಗೀಸ್. ಕನ್ನಡನಾಡಿಗೂ ಈ ಪತ್ರಕ್ಕೂ ನಂಟಿದೆ. ಹಿಂದೂ ಮಹಾಸಾಗರವೆಲ್ಲ ತಮ್ಮ ಪಾಲಿನದೆಂದು ಬಗೆದ ಪೋರ್ಚುಗೀಸರು 1505ರಲ್ಲಿ ಹೊನ್ನಾವರದ ಮೇಲೆ ಬಿದ್ದರು. 1510ರಲ್ಲಿ ಗೋವೆಯನ್ನು ಹಿಡಿದಾಗ ಅವರಿಗೆ ನೆರವಾದವನು ಅವರೇ ತಿಮೋಜನೆಂದು ಕರೆದ ಹೊನ್ನಾವರದ ಕಡಲ ನಾಯಕ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗುಡ್ಡಗಳನ್ನು ತುಂಬಿರುವ ಗೇರುಮರದ ತವರು ಬ್ರೆಜಿಲ್. ಅದು ಪಶ್ಚಿಮ ಕರಾವಳಿಗೆ ಬಂದುದು ಆ ಶತಮಾನದಲ್ಲಿ, ಪೋರ್ಚುಗೀಸರ ಕೈಯಿಂದ.

ಗೋಡೆಗಳಿಲ್ಲದ ಅರಮನೆ

ಸಂಗ್ರಹಾಲಯದಿಂದ ಹೊರಬಂದವರನ್ನು ಊರಿನವರು ಸಾಂತಾ ಕ್ಲಾರಾ ಕನ್ಯಾಮಠಕ್ಕೆ ಕಳುಹಿಸುತ್ತಾರೆ. 14ನೆಯ ಶತಮಾನದಲ್ಲಿ ಅರಮನೆಯಾಗಿ ಎದ್ದು, 1363ರಲ್ಲಿ ಮಠವಾದ ಕಟ್ಟಡ ಅದು. ಕ್ರೈಸ್ತ ದೊರೆಗಳು ಕಟ್ಟಿಸಿದ್ದರೂ ಅರಬ್ಬರ ಶಿಲ್ಪದ ಮಾಟವೇ ಅಲ್ಲೆಲ್ಲ ಎದ್ದು ಕಾಣುತ್ತದೆ: ಕುದುರೆಲಾಳದ ಕಮಾನುಗಳ ಸಣ್ಣ ಅಂಗಳ, ಹಳೆಯ ಸ್ನಾನಗೃಹ, ಇಗರ್ಜಿಯ ಮೇಲ್ಗಡೆ ಚಿನ್ನದ ಲೇಪದ ಮರದ ಮುಚ್ಚಿಗೆ. ತಲೆಯೆತ್ತಿ ನೋಡಿದವರ ಕೊರಳು ನೋಯುವವರೆಗೂ ಕಣ್ಣು ಕೆಳಗಿಳಿಯದು.

ಆದರೆ ಈ ಊರಿನ ನಿಜವಾದ ಕಥೆ ನಡೆದ ಅರಮನೆ ಇದಲ್ಲ. ಅದು ಸಾನ್ ಅಂತೊಲಿನ್ ಇಗರ್ಜಿಯ ಬಳಿ, ನದಿಯ ಮೇಲ್ದಂಡೆಯಲ್ಲಿತ್ತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಕೆಡವಿಹಾಕಿದರು. ಈಗ ಸಮೀಪದಲ್ಲಿ ನಿಂತಿರುವುದು ಒಬ್ಬ ರಾಣಿಯ ಪ್ರತಿಮೆ. ಆಕೆಯೇ ಹುವಾನಾ. ಲೋಕ ಆಕೆಗಿಟ್ಟ ಹೆಸರು 'ಹುಚ್ಚಿ ಹುವಾನಾ'.

ಪಾಲುಪತ್ರ ಬರೆಯಿಸಿದ ಇಸಾಬೆಲ್ ಮತ್ತು ಫರ್ಡಿನೆಂಡ್ ದಂಪತಿಗಳ ಮಗಳು ಆಕೆ, ಹುಟ್ಟಿದ್ದು 1479ರಲ್ಲಿ. ಬರ್ಗಂಡಿಯ ಫಿಲಿಪನನ್ನು 1496ರಲ್ಲಿ ಮದುವೆಯಾದಳು. ಗಂಡ ರೂಪವಂತ, ಆಕೆಗೆ ಅವನ ಮೇಲೆ ಎಲ್ಲೆಯಿಲ್ಲದ ಪ್ರೀತಿ, ಅವನಿಗೆ ಬೇರೆ ಹೆಂಗಸರ ಹಂಬಲ. 1504ರಲ್ಲಿ ತಾಯಿ ತೀರಿಕೊಂಡಾಗ ಕ್ಯಾಸ್ಟೀಲಿನ ಕಿರೀಟ ಹುವಾನಾಳದಾಯಿತು. ಅಂದಿನಿಂದ ಆಕೆಯ ಬುದ್ಧಿ ನೆಟ್ಟಗಿಲ್ಲವೆಂಬ ಮಾತು ಬಲವಾಯಿತು. 1506ರ ಜೂನಿನಲ್ಲಿ ಮಾವ ಅಳಿಯ ಇಬ್ಬರೂ ಒಂದಾಗಿ, ಆಕೆ ಆಳಲು ಅಸಮರ್ಥಳೆಂದು ಬರೆದು ಸಹಿ ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಅಳಿಯ ಸತ್ತ. ತುಂಬು ಗರ್ಭಿಣಿಯಾದ ಹುವಾನಾ ಗಂಡನ ಶವಪೆಟ್ಟಿಗೆಯೊಡನೆ ಬಯಲುಸೀಮೆಯ ಊರೂರು ಅಲೆದಳು. ರಾತ್ರಿಯ ಹೊತ್ತು ಪಯಣ, ಸುತ್ತ ಪಂಜಿನ ಬೆಳಕು. ದಾರಿಯಲ್ಲಿಯೇ 1507ರ ಜನವರಿಯಲ್ಲಿ ಕತಲೀನಾ ಎಂಬ ಹೆಣ್ಣುಮಗು ಹುಟ್ಟಿತು. 1509ರಲ್ಲಿ ತಂದೆ ಫರ್ಡಿನೆಂಡನು ಮಗಳನ್ನೂ ಮೊಮ್ಮಗಳನ್ನೂ ತೋರ್ದೆಸಿಯಾಸ್‌ಗೆ ತಂದು ಅರಮನೆಯಲ್ಲಿರಿಸಿ ಕಾವಲಿಟ್ಟ. ಶವಪೆಟ್ಟಿಗೆಯನ್ನು ಸಾಂತಾ ಕ್ಲಾರಾ ಮಠದಲ್ಲಿಟ್ಟರು. ಆಗ ರಾಣಿಗೆ 29 ವರ್ಷ. ಆಕೆ ಆ ಊರನ್ನು ಬಿಟ್ಟುದು 46 ವರ್ಷಗಳಾದ ಮೇಲೆ, ಹೆಣವಾಗಿ ಅಲ್ಲ, ಇನ್ನೂ ತಡವಾಗಿ, ಬರಿಯ ಎಲುಬಾಗಿ. 1555ರ ಏಪ್ರಿಲ್ 12ರಂದು, ಶುಭ ಶುಕ್ರವಾರದ ದಿನ ಸತ್ತವಳ ಅವಶೇಷಗಳನ್ನು 1574ರಲ್ಲಿ ಗ್ರನಾದಾಕ್ಕೆ ಒಯ್ದರು.

ಹೆಣ್ಣಿನ ರಕ್ಷಣೆಗೆ ತಂದೆ, ಪತಿ, ಪುತ್ರರೆಂಬ ಮೂವರನ್ನು ನೇಮಿಸಿದ ಸ್ಮೃತಿಕಾರರು ಹುವಾನಾಳ ಜಾತಕವನ್ನು ನೋಡಿದ್ದರೆ ಏನೆನ್ನುತ್ತಿದ್ದರೋ! ತಂದೆ ಸೆರೆಯಲ್ಲಿಟ್ಟ. ಪತಿ ಅಧಿಕಾರ ಕಸಿದ. 1517ರಲ್ಲಿ ಬಂದ ಮಗ ಕಾರ್ಲೊಸ್, ಮುಂದೆ ಚಕ್ರವರ್ತಿ ಐದನೆಯ ಚಾರ್ಲ್ಸ್ ಎನಿಸಿದವನು, ತಾಯಿಯ ಕೈ ಮುಟ್ಟಿ, ಬೀಗವನ್ನು ಹಾಗೆಯೇ ಬಿಟ್ಟ. ಕಾಗದಪತ್ರಗಳಲ್ಲಿ ಮಾತ್ರ ಕಡೆಯವರೆಗೂ ಆಕೆಯೇ ರಾಣಿ. ಮೆಕ್ಸಿಕೋದ ಟಂಕಸಾಲೆಯಲ್ಲಿ ಅಚ್ಚಾದ ಬೆಳ್ಳಿಯ ನಾಣ್ಯಗಳ ಮೇಲೆ ಕಾರ್ಲೊಸನ ಹೆಸರಿನೊಂದಿಗೆ ಹುವಾನಾಳ ಹೆಸರೂ ಇತ್ತು. ಅರ್ಧ ಭೂಮಂಡಲದಲ್ಲಿ ಹೆಸರು ನಡೆಯುತ್ತಿತ್ತು. ಹೆಸರಿನ ಒಡತಿಗೆ ಹೊರಬಾಗಿಲು ದಾಟುವ ಹಕ್ಕಿರಲಿಲ್ಲ. ತಂದೆ 1516ರಲ್ಲಿಯೇ ಸತ್ತುದನ್ನು ಕಾವಲುಗಾರರು ನಾಲ್ಕು ವರ್ಷ ಆಕೆಗೆ ತಿಳಿಯಗೊಡಲಿಲ್ಲ.

ಬಾಗಿಲು ಒಮ್ಮೆ ಮಾತ್ರ ತೆರೆಯಿತು. ಕಾರ್ಲೊಸನ ಪರದೇಶಿ ಅಧಿಕಾರಿಗಳ ಮೇಲೆ ದಂಗೆಯೆದ್ದ ಕ್ಯಾಸ್ಟೀಲಿನ ಪಟ್ಟಣಗಳವರು 1520ರ ಆಗಸ್ಟಿನ ಕೊನೆಯಲ್ಲಿ ತೋರ್ದೆಸಿಯಾಸ್‌ಗೆ ಬಂದು ಕಾವಲನ್ನು ಕಿತ್ತೊಗೆದು ರಾಣಿಯ ಮುಂದೆ ಮಂಡಿಯೂರಿದರು. ಅವರು ಬೇಡಿದುದು ಒಂದೇ ಒಂದು ಸಹಿ. ಅದು ಬಿದ್ದಿದ್ದರೆ ಮಗನ ಸಿಂಹಾಸನ ಅಲುಗಿಹೋಗುತ್ತಿತ್ತು. ಹುವಾನಾ ಅವರ ಮಾತನ್ನು ಸಮಾಧಾನದಿಂದ ಕೇಳಿದಳು, ಸೌಜನ್ಯದಿಂದ ಉತ್ತರವಿತ್ತಳು. ಲೇಖನಿಯನ್ನು ಮಾತ್ರ ಮುಟ್ಟಲಿಲ್ಲ. ತಿಂಗಳುಗಳೇ ಕಳೆದವು. ಡಿಸೆಂಬರ್ 5ರಂದು ರಾಜಸೈನ್ಯ ಊರನ್ನು ಹಿಡಿದು ಮತ್ತೆ ಬೀಗ ಜಡಿಯಿತು. ಸಹಿ ಮಾಡದಿದ್ದುದು ಹುಚ್ಚೋ, ತಾಯ್ತನವೋ, ರಾಜನೀತಿಯ ಅರಿವೋ? ಚರಿತ್ರಕಾರರು ಇಂದಿಗೂ ಜಗಳವಾಡುತ್ತಾರೆ. ಮನಸ್ಸಿಗೆ ಬೇನೆಯಿದ್ದಿರಬಹುದು, ಆದರೆ ಅಂಥ ಬೇನೆಗೆ 46 ವರ್ಷದ ಕತ್ತಲೆಕೋಣೆಯೇ ಮದ್ದೆಂದವರೆಲ್ಲರೂ ಆಕೆಯ ರಾಜ್ಯದಿಂದ ಲಾಭ ಪಡೆದವರು ಎಂಬುದನ್ನು ಮರೆಯುವಂತಿಲ್ಲ.

ಗೋಡೆಯ ಕಿಂಡಿ

ತಾಯಿಯೊಡನೆ ಸೆರೆಯಾದ ಕತಲೀನಾ ಬೆಳೆದುದು ತಾಯಿಯ ಕೋಣೆಯ ಒಳಗೋಣೆಯಲ್ಲಿ; ಹೊರಗೆ ಬರಲು ಬೇರೆ ದಾರಿಯಿರಲಿಲ್ಲ. ಕಾರ್ಲೊಸನ ಪರಿವಾರದಲ್ಲಿ ಬಂದಿದ್ದ ಲೊರಾಂ ವಿತಾಲ್ ಎಂಬ ಬರಹಗಾರನು ಆ ಹುಡುಗಿಯ ವಿಷಯವನ್ನು ಬರೆದಿಟ್ಟಿದ್ದಾನೆ. ಬೀದಿಯ ಮಕ್ಕಳು ತನ್ನ ಕಿಟಕಿಯ ಕೆಳಗೆ ಬಂದು ಆಡಲೆಂದು ಆಕೆ ಮೇಲಿನಿಂದ ಕಾಸುಗಳನ್ನು ಎಸೆಯುತ್ತಿದ್ದಳಂತೆ. ತಂಗಿಯ ಸ್ಥಿತಿಯನ್ನು ಕಂಡು ಮರುಗಿದ ಕಾರ್ಲೊಸನು 1518ರಲ್ಲಿ ಗೋಡೆಯಲ್ಲಿ ಕಿಂಡಿ ಕೊರೆಯಿಸಿ, ರಾತ್ರಿ ಆಕೆಯನ್ನು ಗುಟ್ಟಾಗಿ ವಯ್ಯಾದೊಲಿದ್‌ಗೆ ಕರೆಸಿಕೊಂಡ. ಬೆಳಗಾದಾಗ ಮಗುವಿಲ್ಲ. ಹುವಾನಾ ಅನ್ನ ನೀರು ಬಿಟ್ಟಳು. ಮಗಳನ್ನು ತಂದೊಪ್ಪಿಸುವವರೆಗೆ ತಾನು ಉಣ್ಣುವುದಿಲ್ಲವೆಂದಳು. ಕೆಲವೇ ದಿನಗಳಲ್ಲಿ ಕತಲೀನಾಳನ್ನು ಮರಳಿ ತಂದು ಬಿಟ್ಟರು. ಹುಡುಗಿಗೆ ಆಗ ಹನ್ನೊಂದು ವರ್ಷ.

ಮುಂದೆ 1525ರಲ್ಲಿ ಆಕೆಗೆ ಮದುವೆ ಗೊತ್ತಾಯಿತು. ವರನು ಪೋರ್ಚುಗಲ್ಲಿನ ದೊರೆ ಮೂರನೆಯ ಜುವಾಂವ್. ಈ ಸಲ ಕಿಂಡಿಯಿಂದಲ್ಲ, ಬಾಗಿಲಿನಿಂದಲೇ ಹೊರಟಳು. ಗಂಡನ ಶವಪೆಟ್ಟಿಗೆಯನ್ನೂ ಅದೇ ವರ್ಷ ಗ್ರನಾದಾಕ್ಕೆ ಸಾಗಿಸಿದರು. ಹುವಾನಾ ಒಬ್ಬಳೇ ಉಳಿದಳು, ಇನ್ನೂ ಮೂವತ್ತು ವರ್ಷ. ಒಳಗೋಣೆಯಲ್ಲಿ ಬೆಳೆದ ಮಗಳು ಗೆರೆಯ ಆಚೆಯ ಪಾಲಿಗೆ, ಬ್ರೆಜಿಲ್ಲಿನಿಂದ ಗೋವೆಯವರೆಗಿನ ಕಡಲಿಗೆಲ್ಲ ರಾಣಿಯಾದಳು. ಗಂಡ ಸತ್ತ ಮೇಲೆ 1557ರಿಂದ 1562ರವರೆಗೆ ಮೊಮ್ಮಗನ ಪರವಾಗಿ ತಾನೇ ರಾಜ್ಯವಾಳಿದಳು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಪ್ರವಾಸಿಯು ಸಾನ್ ಅಂತೊಲಿನ್ ಇಗರ್ಜಿಯ ಬಳಿಯ ದಂಡೆಗೆ ಮತ್ತೆ ಬರಬಹುದು. ಅರಮನೆಯಿಲ್ಲ, ಕಿಟಕಿಯಿಲ್ಲ. ಹಳೆಯ ಸೇತುವೆ, ಆಚೆ ದಡದ ಮರಗಳು, ಅವುಗಳ ಹಿಂದೆ ದಿಗಂತದವರೆಗೆ ಬಯಲು. ರಾಣಿ ಕಂಡ ನೋಟದ ಬಹುಭಾಗ ಇಷ್ಟೇ ಇದ್ದೀತು. ಕೆಳಗೆ ದುವೆರೋ ನದಿ ಬಿಸಿಲಿಳಿಯುವ ಕಡೆಗೇ ಹರಿಯುತ್ತದೆ. ಗಡಿ ದಾಟಿದ ಮೇಲೆ ಅದಕ್ಕೆ ದೋರು ಎಂದು ಹೆಸರು. ಪೋರ್ಚುಗಲ್ಲಿನ ಪೋರ್ತು ನಗರದ ಬಳಿ ಅದು ಕಡಲನ್ನು ಸೇರುತ್ತದೆ.