ಅನಿಲ ತಯಾರಿಸಿದ ಕೋಶ ಉಳಿಯುತ್ತದೆ, ಪಕ್ಕದ ಕೋಶ ಸಾಯುತ್ತದೆ

ಇಲಿಯ ಮಿದುಳಿನ ಮೈಕ್ರೊಗ್ಲಿಯಾ ಕೋಶಗಳನ್ನು (ನರಕೋಶಗಳ ಜೊತೆಗಿರುವ ಗ್ಲಿಯಾ ಕೋಶಗಳಲ್ಲಿ ಒಂದು ಬಗೆ) ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ಬೆಳೆಸಿ, ಅವಕ್ಕೆ ಬ್ಯಾಕ್ಟೀರಿಯಾದ ಹೊರಕವಚದ ಒಂದಂಶವನ್ನು ಹಾಕಿ ಒಂದು ದಿನ ಬಿಡುತ್ತಾರೆ. ಮರುದಿನ ಆ ದ್ರವಕ್ಕೆ ಗ್ರೀಸ್ ದ್ರಾವಣ ಬೆರೆಸಿದರೆ ಕೆಲವೇ ನಿಮಿಷದಲ್ಲಿ ಗಾಢ ಗುಲಾಬಿ ಬಣ್ಣ ಏಳುತ್ತದೆ. ಏನನ್ನೂ ಹಾಕದ ಪಕ್ಕದ ಗುಳಿಯಲ್ಲಿ ಆ ಬಣ್ಣ ಕಾಣುವುದೇ ಇಲ್ಲವೆನ್ನಬೇಕು. ಗುಲಾಬಿ ಬಣ್ಣ ತೋರಿಸುವುದು ನೈಟ್ರೈಟನ್ನು. ಕೋಶಗಳು ಬಿಡುವ ನೈಟ್ರಿಕ್ ಆಕ್ಸೈಡ್ ಅನಿಲ ಬಹುಬೇಗ ನೈಟ್ರೈಟ್ ಆಗಿಬಿಡುವುದರಿಂದ ಅದನ್ನು ಹೀಗೆ ಬಳಸುದಾರಿಯಲ್ಲಿ ಅಳೆಯುತ್ತಾರೆ. ಪೀಟರ್ ಗ್ರೀಸ್ 1879ರಲ್ಲಿ ವಿವರಿಸಿದ ಈ ಪರೀಕ್ಷೆ ನರವಿಜ್ಞಾನದ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಅನಿಲವನ್ನು ತಯಾರಿಸುವುದು ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಎಂಬ ಕಿಣ್ವ. ಅರ್ಜಿನೈನ್ ಎಂಬ ಅಮೈನೊ ಆಮ್ಲ ಮತ್ತು ಆಮ್ಲಜನಕ ಅದರ ಕಚ್ಚಾವಸ್ತು. ಈ ಕಿಣ್ವದಲ್ಲಿ ಮೂರು ಬಗೆ. ನರಕೋಶದ್ದು ಮತ್ತು ರಕ್ತನಾಳದ ಒಳಪದರದ್ದು ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಚುರುಕಾಗಿ, ಇಳಿದಾಗ ಸುಮ್ಮನಾಗುತ್ತವೆ. ರಕ್ತನಾಳವನ್ನು ಸಡಿಲಿಸುವ ಸಂದೇಶ ಈ ಅನಿಲದ್ದೇ ಎಂದು ತೋರಿಸಿದ್ದಕ್ಕೆ 1998ರ ನೊಬೆಲ್ ಪ್ರಶಸ್ತಿ ಬಂತು.

ಗ್ಲಿಯಾ ಕೋಶಗಳಲ್ಲಿ ಅಪಾಯ ತರುವುದು ಮೂರನೆಯದು, ಐನಾಸ್. ಆರೋಗ್ಯವಂತ ಮಿದುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸೋಂಕು, ಉರಿಯೂತದ ಸಂದೇಶ ಬಂದಮೇಲೆಯೇ ಅದರ ಜೀನ್ ಎಚ್ಚೆತ್ತು ಕಿಣ್ವ ಹೊಸದಾಗಿ ತಯಾರಾಗುತ್ತದೆ. ಅದಕ್ಕೆ ಕೆಲವು ಗಂಟೆ ಬೇಕು. ಒಮ್ಮೆ ತಯಾರಾಯಿತೋ, ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನು ಅದನ್ನು ಬಿಗಿಯಾಗಿ ಕಚ್ಚಿಕೊಂಡೇ ಇರುತ್ತದೆ. ಕ್ಯಾಲ್ಸಿಯಂ ಇಳಿದರೂ ಕೆಲಸ ನಿಲ್ಲದು. ಗಂಟೆಗಟ್ಟಲೆ ಅನಿಲ ಹೊರಬರುತ್ತಲೇ ಇರುತ್ತದೆ.

ಹೀಗೆ ಹೆಚ್ಚಾದ ಅನಿಲ ಮೈಟೊಕಾಂಡ್ರಿಯಾದೊಳಗೆ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನೇ ಕೂತು ಉಸಿರಾಟವನ್ನು ತಡೆಯುತ್ತದೆ. ಇಲ್ಲಿಯೇ ಈ ಕಥೆಯ ನಿಜವಾದ ಅಚ್ಚರಿ ಇರುವುದು. ಬೊಲಾನ್ಯೋಸ್, ಮೊಂಕಾಡ ಮತ್ತವರ ಸಂಗಡಿಗರು 2001ರಲ್ಲಿ ತೋರಿಸಿದಂತೆ, ಆಸ್ಟ್ರೊಸೈಟ್ ಎಂಬ ಗ್ಲಿಯಾ ಕೋಶಗಳು ಉಸಿರಾಟ ನಿಂತರೂ ಗ್ಲೂಕೋಸನ್ನು ಆಮ್ಲಜನಕವಿಲ್ಲದೆಯೇ ಒಡೆದು ಶಕ್ತಿ ಪಡೆದು ಬದುಕುತ್ತವೆ. ನರಕೋಶಕ್ಕೆ ಆ ದಾರಿಯಿಲ್ಲ. ಗ್ಲೂಕೋಸ್ ಒಡೆಯುವ ವೇಗ ಹೆಚ್ಚಿಸುವ ಕಿಣ್ವವನ್ನು ಅದು ತಯಾರಾದಂತೆಲ್ಲ ನಾಶಮಾಡುತ್ತಿರುತ್ತದೆ. ಇದು ನರಕೋಶದ ದಡ್ಡತನವಲ್ಲ: ಆ ಗ್ಲೂಕೋಸು ಅದಕ್ಕೆ ತನ್ನ ಗ್ಲುಟಾಥಯೋನನ್ನು, ಅಂದರೆ ಉತ್ಕರ್ಷಣದ ಹಾನಿ ತಡೆಯುವ ರಕ್ಷಕವನ್ನು, ಸುಸ್ಥಿತಿಯಲ್ಲಿಡಲು ಬೇಕು.

ಹಾಗಾದರೆ ಕಿಣ್ವವನ್ನೇ ಕಟ್ಟಿಹಾಕಬಹುದಲ್ಲ? ಐನಾಸ್ ಜೀನ್ ಇಲ್ಲದ ಇಲಿಗಳಲ್ಲಿ ಪಾರ್ಕಿನ್ಸನ್ ತರಿಸುವ ರಾಸಾಯನಿಕದಿಂದಾಗುವ ಹಾನಿ ಕಡಿಮೆಯಿತ್ತು ಎಂಬುದು 1999ರಲ್ಲಿ ಆಸೆ ಹುಟ್ಟಿಸಿತು. ಆದರೆ ಮೂರೂ ಬಗೆಯನ್ನು ಒಟ್ಟಿಗೆ ತಡೆಯುವ ಔಷಧವನ್ನು ಸೆಪ್ಟಿಕ್ ಶಾಕ್ ರೋಗಿಗಳಿಗೆ ಕೊಟ್ಟಾಗ ಸಾವು ಹೆಚ್ಚಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಇನ್ನೊಂದು ತೊಡಕೂ ಇದೆ. ಇಲಿಯ ಮೈಕ್ರೊಗ್ಲಿಯಾದಷ್ಟು ಸಲೀಸಾಗಿ ಮನುಷ್ಯನ ಮೈಕ್ರೊಗ್ಲಿಯಾ ತಟ್ಟೆಯಲ್ಲಿ ಈ ಅನಿಲವನ್ನು ಬಿಡುವುದಿಲ್ಲ. ನಮ್ಮಲ್ಲಿ ಆಸ್ಟ್ರೊಸೈಟ್‌ಗಳೇ ಅದನ್ನು ಸ್ಪಷ್ಟವಾಗಿ ತಯಾರಿಸಿ ತೋರಿಸಿವೆ.